ಸಾಫ್ಟ್‌ವೇರ್‌ಗೆ ಹರಳಿನ ಹೆಸರು: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ ಹೇಳುವುದು ನನ್ನ ಕೆಲಸ. ಕೊನೆಯ ವರ್ಷದ ಪ್ರಾಜೆಕ್ಟ್ ಶುರುವಾಗುವ ವಾರ ಮಕ್ಕಳಿಗೆ ಒಬ್ಬ ಪ್ರೊಫೆಸರ್ ಕತೆ ಹೇಳುತ್ತೇನೆ. ತಾವು ಕಟ್ಟಿದ ಸಾಫ್ಟ್‌ವೇರ್‌ಗಳಿಗೆ ಒಂದಾದ ಮೇಲೆ ಒಂದರಂತೆ ಹರಳು, ಕಲ್ಲು, ಖನಿಜಗಳ ಹೆಸರಿಡುತ್ತಾ ಬಂದವರು ಅವರು. ಕತೆ ಮುಗಿಯುವ ಮುಂಚೆಯೇ ಪ್ರಶ್ನೆ ಶುರುವಾಗುತ್ತವೆ. ತರಗತಿಯಲ್ಲಿ ಕೇಳುತ್ತಾರೆ, ಚಹಾ ಕುಡಿಯುವಾಗ ಕೇಳುತ್ತಾರೆ, ಓದು ಮುಗಿಸಿ ಹೋದವರು ಪತ್ರ ಬರೆದು ಕೇಳುತ್ತಾರೆ. ಮಕ್ಕಳ ಅಪ್ಪ ಅಮ್ಮಂದಿರೂ ಕೇಳಿದ್ದುಂಟು. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ಕೆರೆದುಕೊಳ್ಳುವಂಥದ್ದು ಆಮೇಲೆ.

## ಶುರುವಿನ ಪ್ರಶ್ನೆಗಳು

ಯಾರು ಸರ್ ಆ ಪ್ರೊಫೆಸರ್? ನಿಜವಾಗ್ಲೂ ಇದ್ದಾರಾ?

ಇದ್ದಾರೆ. ಹೆಸರು ಬ್ರಾಡ್ ಮೈಯರ್ಸ್. ಅಮೆರಿಕದ ಪಿಟ್ಸ್‌ಬರ್ಗ್ ಊರಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1987ರಿಂದ ಇದ್ದಾರೆ. ಜನ ಕಂಪ್ಯೂಟರನ್ನು ಹೇಗೆ ಬಳಸುತ್ತಾರೆ, ಎಲ್ಲಿ ಎಡವುತ್ತಾರೆ, ಅದನ್ನು ಹೇಗೆ ಸಲೀಸು ಮಾಡಬಹುದು ಎನ್ನುವುದು ಅವರ ವಿಷಯ. ಅದರಲ್ಲೂ ಪ್ರೋಗ್ರಾಂ ಬರೆಯುವವರ ಕಷ್ಟ ಕಡಿಮೆ ಮಾಡುವುದರ ಮೇಲೆ ಅವರಿಗೆ ಜಾಸ್ತಿ ಪ್ರೀತಿ. ಈ ಕ್ಷೇತ್ರದಲ್ಲಿ ಜೀವಮಾನದ ಸಂಶೋಧನೆಗೆ ಕೊಡುವ ಸಿಗ್‌ಕೈ ಪ್ರಶಸ್ತಿ 2017ರಲ್ಲಿ ಅವರಿಗೆ ಬಂತು. ಮಾಡಿದ ಕೆಲಸ ಗಟ್ಟಿ, ಇಟ್ಟ ಹೆಸರು ಆಟದಂತೆ. ಎರಡೂ ಒಬ್ಬರಲ್ಲೇ ಇರುವುದು ನನಗೆ ತುಂಬಾ ಇಷ್ಟ.

ಯಾವ ಯಾವ ಹರಳು ಬಳಸಿದ್ದಾರೆ?

ಸಫೈರ್, ಪೆರಿಡಾಟ್, ಗಾರ್ನೆಟ್, ಜೇಡ್, ಟೋಪಾಜ್, ಕ್ರಿಸ್ಟಲ್, ಜ್ಯಾಸ್ಪರ್, ಅಪಟೈಟ್, ಜೇಡೈಟ್, ಫ್ಲೋರೈಟ್, ಅಜುರೈಟ್, ಅಬ್ಸಿಡಿಯನ್. ಇನ್ನೂ ಇವೆ. ಎಲ್ಲವೂ ಒಡವೆ ಅಂಗಡಿಯ ಹರಳಲ್ಲ. ಮೈಕಾ ಅಂದರೆ ನಮ್ಮ ಕಾಗೆ ಬಂಗಾರ. ಗ್ರಾಫೈಟ್ ಅಂದರೆ ಪೆನ್ಸಿಲ್ ಕಡ್ಡಿ. ಪೆಬಲ್ಸ್ ಅಂದರೆ ಬರೀ ಬೆಣಚುಕಲ್ಲು, ಹೊಳೆ ದಂಡೆಯಲ್ಲಿ ಸಿಗುವಂಥದ್ದು. ಅಂಗೈಯಲ್ಲಿ ಹಿಡಿಯುವ ಪುಟ್ಟ ಸಾಧನಗಳಿಂದ ದೊಡ್ಡ ಕಂಪ್ಯೂಟರ್ ನಡೆಸುವ ಯೋಜನೆ ಅದು, 1997ರ ಕಾಲದ್ದು. ಕೈಯಲ್ಲಿ ಹಿಡಿಯುವ ಸಾಧನಕ್ಕೆ ಕೈಯಲ್ಲಿ ಹಿಡಿಯುವ ಕಲ್ಲಿನ ಹೆಸರು.

ರೂಬಿ ಕೂಡ ಅವರದ್ದೇ ಅಲ್ವಾ?

ಅಲ್ಲ. ರೂಬಿ ಎಂಬ ಪ್ರೋಗ್ರಾಮಿಂಗ್ ಭಾಷೆ ಜಪಾನಿನ ಯುಕಿಹಿರೊ ಮಾತ್ಸುಮೊಟೊ ಅವರದ್ದು. 1993ರಲ್ಲಿ ಅವರು ಗೆಳೆಯರೊಬ್ಬರ ಜತೆ ಹರಟುತ್ತಾ ಹೆಸರು ಹುಡುಕುತ್ತಿದ್ದರು. ಕೊನೆಗೆ ಕೋರಲ್, ರೂಬಿ ಎರಡು ಉಳಿದವು. ಅಂದರೆ ಹವಳ, ಮಾಣಿಕ್ಯ. ಮಾಣಿಕ್ಯ ಗೆದ್ದಿತು. ಅದಕ್ಕೂ ಮುಂಚೆ, 1987ರಲ್ಲಿ, ಲ್ಯಾರಿ ವಾಲ್ ತಮ್ಮ ಭಾಷೆಗೆ ಮುತ್ತಿನ ಹೆಸರು ಇಡಲು ಹೊರಟಿದ್ದರು. ಪರ್ಲ್ ಎಂಬ ಇನ್ನೊಂದು ಭಾಷೆ ಆಗಲೇ ಇದೆ ಎಂದು ಗೊತ್ತಾದ ಮೇಲೆ ಇಂಗ್ಲಿಷ್ ಕಾಗುಣಿತದಿಂದ ಒಂದು ಅಕ್ಷರ ಬಿಟ್ಟರು. ಉಚ್ಚಾರ ಹಾಗೇ ಉಳಿಯಿತು. ಇವರಿಬ್ಬರೂ ಒಂದೊಂದು ಭಾಷೆಗೆ ಒಂದೊಂದು ಹೆಸರು ಇಟ್ಟವರು. ಮೈಯರ್ಸ್ ಮಾತ್ರ ಜೀವನಪೂರ್ತಿ ಅದನ್ನೇ ಸಂಪ್ರದಾಯ ಮಾಡಿಕೊಂಡವರು.

ನಮ್ಮ ನವರತ್ನದಲ್ಲಿ ಇರೋವು ಇದರಲ್ಲಿ ಯಾವುವು?

ಇದನ್ನು ಹೆಚ್ಚಾಗಿ ಕೇಳುವವರು ಅಮ್ಮಂದಿರು. ಸಫೈರ್ ಅಂದರೆ ನೀಲ. ಗಾರ್ನೆಟ್ ನಮ್ಮ ಗೋಮೇಧಿಕದ ಬಳಗ. ನಾವು ಗೋಮೇಧಿಕ ಅನ್ನುವ ಜೇನು ಬಣ್ಣದ ಹರಳು ಗಾರ್ನೆಟ್‌ನ ಒಂದು ಬಗೆ, ಹೆಸನೈಟ್. ಪುಷ್ಯರಾಗವನ್ನು ತುಂಬಾ ಜನ ಟೋಪಾಜ್ ಅನ್ನುತ್ತಾರೆ. ಆದರೆ ಉಂಗುರದಲ್ಲಿ ಕೂರಿಸುವ ಒಳ್ಳೆಯ ಪುಷ್ಯರಾಗ ಹಳದಿ ಸಫೈರ್. ಟೋಪಾಜ್ ಬೇರೆಯೇ ಖನಿಜ.

ಇನ್ನೊಂದು ಮಾತು ಹೇಳಿದರೆ ಮಕ್ಕಳ ಕಣ್ಣು ಅರಳುತ್ತದೆ. ಮಾಣಿಕ್ಯ, ನೀಲ ಎರಡೂ ಒಂದೇ ಖನಿಜ. ಅದರ ಹೆಸರು ಕೊರಂಡಮ್. ಚೂರು ಕ್ರೋಮಿಯಂ ಸೇರಿದರೆ ಕೆಂಪು. ಕಬ್ಬಿಣ, ಟೈಟೇನಿಯಂ ಸೇರಿದರೆ ನೀಲಿ. ಇನ್ನು ಗ್ರಹ, ದೆಸೆ, ಯಾವ ಬೆರಳಿಗೆ ಯಾವ ಹರಳು ಎನ್ನುವುದಕ್ಕೂ ಸಾಫ್ಟ್‌ವೇರ್ ಹೆಸರಿಗೂ ಸಂಬಂಧವಿಲ್ಲ.

## ಹೆಸರಿನ ಒಳಗೆ

ಚೆಂದಕ್ಕೆ ಇಟ್ಟಿದ್ದಾ, ಒಳಗೆ ಅರ್ಥನೂ ಇದೆಯಾ?

ಇದೆ. ಇದೇ ಈ ಸಂಪ್ರದಾಯದ ಜೀವ. ಹೆಚ್ಚಿನ ಹೆಸರುಗಳ ಒಂದೊಂದು ಅಕ್ಷರವೂ ಒಂದೊಂದು ಪದದ ತಲೆ. ಎಲ್ಲ ಪದ ಬಿಡಿಸಿ ಓದಿದರೆ ಆ ಸಾಫ್ಟ್‌ವೇರ್ ಏನು ಮಾಡುತ್ತದೆ ಎಂಬ ಒಂದು ವಾಕ್ಯ ಸಿಗುತ್ತದೆ.

ಪೆರಿಡಾಟ್ ನೋಡಿ. ಬಿಡಿಸಿದರೆ 'ಪ್ರೋಗ್ರಾಮಿಂಗ್ ಬೈ ಎಕ್ಸಾಂಪಲ್ ಫಾರ್ ರಿಯಲ್‌ಟೈಮ್ ಇಂಟರ್‌ಫೇಸ್ ಡಿಸೈನ್ ಆಬ್ವಿಯೇಟಿಂಗ್ ಟೈಪಿಂಗ್'. ನಮ್ಮ ಮಾತಿನಲ್ಲಿ ಹೇಳಬೇಕೆಂದರೆ: ಪರದೆ ಹೇಗಿರಬೇಕು ಅಂತ ಮಾಡಿ ತೋರಿಸು, ಟೈಪ್ ಮಾಡುವ ಗೋಜು ಬೇಡ. ಅಜುರೈಟ್ ಅಂದರೆ 'ಆ್ಯಡಿಂಗ್ ಜೆಸ್ಟ್ ಟು ಅನ್‌ಡೂಯಿಂಗ್ ಆ್ಯಂಡ್ ರೀಸ್ಟೋರಿಂಗ್ ಇಂಪ್ರೂವ್ಸ್ ಟೆಕ್ಸ್‌ಚುವಲ್ ಎಕ್ಸ್‌ಪ್ಲೊರೇಶನ್'. ಬರೆದ ಕೋಡನ್ನು ಹಿಂದಕ್ಕೆ ತರುವುದು, ಮತ್ತೆ ಮುಂದಕ್ಕೆ ಒಯ್ಯುವುದು ಹಗುರಾದರೆ ಹೊಸದನ್ನು ಮಾಡಿ ನೋಡುವ ಧೈರ್ಯ ಬರುತ್ತದೆ ಎನ್ನುವ ಮಾತು ಅದು.

ಹೀಗೆ ಹೊಂದಿಸುವುದು ಎಷ್ಟು ಕಷ್ಟ ಅಂತ ಕೂತು ಮಾಡಿದವರಿಗೇ ಗೊತ್ತು. ಅಕ್ಷರ ಕೂಡಬೇಕು. ವಾಕ್ಯ ಸುಳ್ಳಾಗಬಾರದು. ಕೊನೆಗೆ ಸಿಗುವುದು ನಿಜವಾದ ಒಂದು ಕಲ್ಲಿನ ಹೆಸರೇ ಆಗಿರಬೇಕು.

ಪೆರಿಡಾಟ್ ಏನು ಮಾಡ್ತಿತ್ತು? ನಮಗೆ ಅರ್ಥ ಆಗೋ ಹಾಗೆ ಹೇಳಿ.

ಪೆರಿಡಾಟ್ 1987ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಮೈಯರ್ಸ್ ಅವರ ಪಿಎಚ್.ಡಿ. ಕೆಲಸ. ಆ ಕಾಲದಲ್ಲಿ ಪರದೆಯ ಮೇಲೆ ಒಂದು ಮೆನು ಬರಬೇಕೆಂದರೆ ಪುಟಗಟ್ಟಲೆ ಕೋಡ್ ಬರೆಯಬೇಕಿತ್ತು. ಪೆರಿಡಾಟ್‌ನಲ್ಲಿ ಬರೆಯುವ ಬದಲು ಚಿತ್ರ ಬಿಡಿಸಬೇಕು.

ಒಂದು ಚೌಕ ಬಿಡಿಸಿ. ಅದರೊಳಗೆ ಇನ್ನೊಂದು ಚಿಕ್ಕ ಚೌಕ ಬಿಡಿಸಿ. ಕೈ ಅಲುಗಿ ಎಡಗಡೆ ಜಾಗ ಸ್ವಲ್ಪ ಜಾಸ್ತಿ ಬಿಟ್ಟಿರಿ ಅನ್ನಿ. ಪೆರಿಡಾಟ್ ತಾನೇ ಊಹೆ ಮಾಡಿ, ಒಳಗಿನ ಚೌಕ ನಡುಮಧ್ಯೆ ಇರಬೇಕಾ ಅಂತ ಕೇಳುತ್ತದೆ. ಹೌದು ಅಂದರೆ ಸರಿಮಾಡುತ್ತದೆ. ಮೆನುವಿನ ಮೊದಲ ಸಾಲು ಇಡಿ. ಅದರ ಕೆಳಗೆ ಎರಡನೇ ಸಾಲು ಇಡಿ. ಉಳಿದವೂ ಹೀಗೇ ಒಂದರ ಕೆಳಗೊಂದು ಬರಬೇಕಾ ಎಂದು ಕೇಳುತ್ತದೆ. ಹೌದು ಅಂದ ತಕ್ಷಣ ಇಡೀ ಪಟ್ಟಿ ಕೂರುತ್ತದೆ. ಮೌಸ್ ಎಲ್ಲಿಗೆ ಬಂದಾಗ ಏನಾಗಬೇಕು ಎನ್ನುವುದನ್ನೂ ಹಾಗೆಯೇ ಮಾಡಿ ತೋರಿಸಬಹುದಿತ್ತು. ಹಿಂದೆ ಬೇಕಾದ ಕೋಡ್ ಅದೇ ಬರೆದುಕೊಳ್ಳುತ್ತಿತ್ತು.

ಹೊಸ ಅಡುಗೆಯವನಿಗೆ ಹಳಬ ಕಲಿಸುವ ರೀತಿ ಇದು. ಕಾವಲಿ ಮೇಲೆ ಎರಡು ದೋಸೆ ಹಾಕಿ ತೋರಿಸುತ್ತಾನೆ. ಮೂರನೆಯದನ್ನು ಹುಡುಗ ತಾನೇ ಹಾಕುತ್ತಾನೆ. ಮಧ್ಯೆ ಒಂದೇ ಮಾತು ಕೇಳುತ್ತಾನೆ: 'ಬೆಣ್ಣೆ ಇಷ್ಟೇ ಸಾಕಾ?'

ಗಾರ್ನೆಟ್ ಸುತ್ತ ಇಷ್ಟೊಂದು ಹೆಸರು ಯಾಕೆ? ಗಿಲ್ಟ್, ಲ್ಯಾಪಿಡರಿ ಅಂದ್ರೆ ಹರಳಾ?

ಹರಳಲ್ಲ, ಹರಳಿನ ಮನೆಯವರು. ಗಾರ್ನೆಟ್ ಒಂದು ದೊಡ್ಡ ವ್ಯವಸ್ಥೆ. ಕಾರ್ನೆಗಿ ಮೆಲನ್‌ನಲ್ಲಿ ಕಾಮನ್ ಲಿಸ್ಪ್ ಭಾಷೆಯಲ್ಲಿ ಕಟ್ಟಿದ್ದು. ಪರದೆಯ ಮೇಲೆ ಚಿತ್ರ, ಗುಂಡಿ, ಪಟ್ಟಿ ಮಾಡುವವರಿಗೆ ಬೇಕಾದ ಸಾಮಾನೆಲ್ಲ ಅದರಲ್ಲಿತ್ತು. ಅದರೊಳಗಿನ ಒಂದೊಂದು ಉಪಕರಣಕ್ಕೂ ಹೆಸರು ಬೇಕಾಯಿತು. ಲ್ಯಾಪಿಡರಿ ಅಂದರೆ ಹರಳು ಕತ್ತರಿಸಿ ಮೆರುಗು ಕೊಡುವ ಕುಶಲಕರ್ಮಿ. ಗಾರ್ನೆಟ್‌ಗೆ ಬೇಕಾದ ಆಕಾರಗಳನ್ನು ತಿದ್ದಿ ತೀಡಿ ಮಾಡುವ ಉಪಕರಣ ಅದೇ. ಗಿಲ್ಟ್ ನಮಗೂ ಗೊತ್ತಿರುವ ಪದ: ಗಿಲೀಟು ಒಡವೆ ಅನ್ನುತ್ತೇವಲ್ಲ, ಅದೇ. ಗುಂಡಿ, ಪಟ್ಟಿಗಳನ್ನು ಪರದೆ ಮೇಲೆ ಜೋಡಿಸುವ ಉಪಕರಣಕ್ಕೆ ಆ ಹೆಸರು. ಇನ್ನೊಂದು ಉಪಕರಣದ ಹೆಸರು ಮಾರ್ಕೀಸ್, ಅಂದರೆ ಎರಡೂ ತುದಿ ಚೂಪಾಗಿ, ನಡುವೆ ಉಬ್ಬಿದ, ದೋಣಿಯಂಥ ಹರಳಿನ ಕೆತ್ತನೆ.

ಗಾರ್ನೆಟ್ ಆದ ಮೇಲೆ ಸಿ++ ಭಾಷೆಯಲ್ಲಿ ಇನ್ನೊಂದು ಕಟ್ಟಿದರು. ಅದರ ಹೆಸರು ಆಮ್ಯುಲೆಟ್, ಅಂದರೆ ತಾಯತ. ಈ ಜಾಗದಲ್ಲಿ ನಾನು ಪಾಠ ನಿಲ್ಲಿಸಿ ಮಕ್ಕಳ ಮುಖ ನೋಡುತ್ತೇನೆ. ಹರಳು, ಹರಳು ತಿದ್ದುವವ, ಗಿಲೀಟು, ತಾಯತ. ಅಕ್ಕಸಾಲಿಗರ ಬೀದಿಯ ಒಂದು ಅಂಗಡಿಯೇ ಕಣ್ಣ ಮುಂದೆ ಬರುತ್ತದೆ. ಯಾವ ಉಪಕರಣ ಯಾವುದಕ್ಕೆ ಅಂತ ಬಾಯಿಪಾಠ ಮಾಡುವುದೇ ಬೇಡ.

ಸಿ32 ಅಂತಲೂ ಒಂದಿದೆಯಲ್ಲ, ಅದು ಹರಳೇ ಅಲ್ಲ?

ಅಲ್ಲ. ಅದು ಗಾರ್ನೆಟ್ ಒಳಗಿನ ಒಂದು ಸ್ಪ್ರೆಡ್‌ಶೀಟ್. ಯಾವ ಆಕಾರ ಯಾವುದನ್ನು ಅವಲಂಬಿಸಿದೆ ಎಂದು ಅದರಲ್ಲಿ ನೋಡಬಹುದಿತ್ತು, ತಿದ್ದಬಹುದಿತ್ತು. ಹೆಸರಿಗೆ ಹರಳು ಸಿಗದಿದ್ದರೂ ಆಟ ಬಿಡಲಿಲ್ಲ. ಇಂಗ್ಲಿಷಿನ ಸಿ ಅಕ್ಷರದಿಂದ ಶುರುವಾಗುವ ಪದಗಳನ್ನೇ ಪೋಣಿಸಿ ಉದ್ದುದ್ದ ವಾಕ್ಯವೊಂದನ್ನು ಬರೆದು, ಆ ಸಿಗಳ ಲೆಕ್ಕವನ್ನೇ ಹೆಸರು ಮಾಡಿದರು. ಒಂದೇ ಉಸಿರಿನಲ್ಲಿ ಓದಲು ಆಗುವುದಿಲ್ಲ.

ಇವುಗಳಲ್ಲಿ ಒಂದಾದ್ರೂ ನಾವು ದಿನಾ ನೋಡೋ ಅಂಥದ್ದು ಇದೆಯಾ?

ಇದೆ. ಏನಾದರೂ ಡೌನ್‌ಲೋಡ್ ಮಾಡುವಾಗ ಒಂದು ಪಟ್ಟಿ ನಿಧಾನಕ್ಕೆ ತುಂಬುತ್ತಾ ಹೋಗುತ್ತದೆ ಅಲ್ವಾ? 1980ರ ದಶಕದ ಮೊದಲ ಭಾಗದಲ್ಲಿ ಮೈಯರ್ಸ್ ಪರ್ಕ್ ಎಂಬ ಕಂಪ್ಯೂಟರಿಗೆ ಸಫೈರ್ ಎಂಬ ವಿಂಡೋ ಮ್ಯಾನೇಜರ್, ಅಂದರೆ ಪರದೆಯ ಮೇಲಿನ ಕಿಟಕಿಗಳನ್ನು ನೋಡಿಕೊಳ್ಳುವ ಪ್ರೋಗ್ರಾಂ, ಕಟ್ಟಿದರು. ಕೆಲಸ ಎಷ್ಟು ಮುಗಿದಿದೆ ಎಂದು ತೋರಿಸುವ ಪಟ್ಟಿಗಳು ಅದರ ಐಕಾನ್‌ಗಳಲ್ಲೇ ಇದ್ದವು. ಕಾಯುವವನಿಗೆ ಈ ಪಟ್ಟಿ ಯಾಕೆ ಮುಖ್ಯ ಎಂದು 1985ರಲ್ಲಿ ಒಂದು ಪ್ರಬಂಧವನ್ನೂ ಬರೆದರು. ಅದನ್ನು ಇವತ್ತಿಗೂ ಉಲ್ಲೇಖಿಸುತ್ತಾರೆ.

ಬಸ್ ಸ್ಟ್ಯಾಂಡಿನಲ್ಲಿ ಕಾಯುವಾಗ ಹರಿಹರ ಬಿಟ್ಟಿದೆಯಂತೆ ಅಂತ ಯಾರೋ ಹೇಳಿದರೆ ಸಾಕು, ಜೀವಕ್ಕೆ ಸಮಾಧಾನ. ಬಸ್ಸೇನೂ ಬೇಗ ಬರುವುದಿಲ್ಲ. ಕಾಯುವುದು ಹಗುರಾಗುತ್ತದೆ.

## ನಮ್ಮೂರಿನ ಪ್ರಶ್ನೆಗಳು

ಕನ್ನಡದಲ್ಲಿ ಹೀಗೆ ಹೆಸರು ಕಟ್ಟೋಕೆ ಆಗುತ್ತಾ? ನಿಮ್ಮ ಮಕ್ಕಳು ಮಾಡಿದ್ದಾರಾ?

ಆಗುತ್ತದೆ, ಮಾಡಿದ್ದಾರೆ. ಇಂಗ್ಲಿಷಿಗಿಂತ ಕಷ್ಟ. ಇಂಗ್ಲಿಷಿನಲ್ಲಿ ಬಿಡಿ ಅಕ್ಷರ ಸಿಕ್ಕರೆ ಸಾಕು. ನಮ್ಮಲ್ಲಿ ಕಾಗುಣಿತವೂ ಕೂಡಿಬರಬೇಕು. 'ನೀ' ಬೇಕಾದ ಕಡೆ 'ನಿ' ಇಟ್ಟರೆ ಕಿವಿ ಒಪ್ಪುವುದಿಲ್ಲ. ನಾವು ಮಾಡಿಕೊಂಡ ನಿಯಮ ಒಂದೇ: ಒತ್ತಕ್ಷರ ಬಂದರೆ ಅದನ್ನು ಒಂಟಿ ಅಕ್ಷರ ಎಂದು ಎಣಿಸಬಹುದು. ಅಂದರೆ ಮುತ್ತಿಗೆ 'ಮು', 'ತು' ಸಾಕು. ಪಚ್ಚೆಗೆ 'ಪ', 'ಚೆ' ಸಾಕು.

ಮೊದಲು ಸಿಕ್ಕಿದ್ದು ಪಚ್ಚೆ. ಹಾಜರಿ ಪಟ್ಟಿಯಲ್ಲಿ ತಪ್ಪು ಹುಡುಕುವ ಚಿಕ್ಕ ಪ್ರೋಗ್ರಾಂ. ಬಿಡಿಸಿದರೆ 'ಪಟ್ಟಿ ಚೆಕ್'. ಇಷ್ಟು ಸರಳ. ನೀಲ ಸಿಕ್ಕಿದ್ದು ಭದ್ರಾ ನಾಲೆ ಕೊನೆಯ ಹಳ್ಳಿಯಿಂದ ಬರುತ್ತಿದ್ದ ಹುಡುಗನಿಗೆ. ಯಾವ ತೂಬಿಗೆ ಯಾವ ದಿನ ನೀರು, ಯಾರ ಪಾಳಿ ಯಾವಾಗ ಎಂದು ಲೆಕ್ಕ ಇಡುವ ಪ್ರೋಗ್ರಾಂ ಅದು. 'ನೀರಿಗೆ ಲಗಾಮು' ಅಂದ. ತರಗತಿ ಅರೆಗಳಿಗೆ ಸುಮ್ಮನಾಯಿತು. ನಾಲೆ ಕೊನೆಯಲ್ಲಿ ಗದ್ದೆ ಇದ್ದವನಿಗೆ ಮಾತ್ರ ಹೊಳೆಯುವ ಪದ ಲಗಾಮು.

ಮುತ್ತಿನ ಕತೆ ನನಗೆ ಎಲ್ಲಕ್ಕಿಂತ ಹತ್ತಿರ. ಜಗಳೂರು ಕಡೆಯ ಹುಡುಗಿ, ಮಳೆ ಕಾದು ಮೆಕ್ಕೆಜೋಳ ಬಿತ್ತುವ ಮನೆ. ಮನೆಯ ಮಳೆ ಲೆಕ್ಕ ಬರೆದಿಟ್ಟು, ಬಿತ್ತಿದ ದಿನದ ಜತೆ ಹೋಲಿಸುವ ಪ್ರೋಗ್ರಾಂ ಮಾಡುತ್ತಿದ್ದಳು. ಒಂದು ಚೀಟಿಯ ಮೇಲೆ 'ಮು' ಬರೆದು ಮುಂದೆ ಖಾಲಿ ಬಿಟ್ಟಿದ್ದಳು. ಮುಂಗಾರು ಅನ್ನುವುದು ಮೊದಲೇ ಹೊಳೆದಿತ್ತು. 'ತು' ಸಿಗಲಿಲ್ಲ. ತುಲನೆ ಬರೆದಳು, ಅಳಿಸಿದಳು. ಅದು ಅವಳ ಮನೆಯ ಮಾತಲ್ಲ. ತುರ್ತು ಬರೆದಳು, ಅಳಿಸಿದಳು. ರಬ್ಬರ್ ಉಜ್ಜಿ ಉಜ್ಜಿ ಆ ಜಾಗದಲ್ಲಿ ಕಾಗದ ತೆಳ್ಳಗಾಗಿ ಬೆಳಕು ಕಾಣುತ್ತಿತ್ತು. ಮೂರನೇ ದಿನ ಬಂದು 'ಮುಂಗಾರು ತುಂತುರು' ಅಂದಳು. ನಾನು ಕೇಳಿದೆ: ತುಂತುರು ಯಾಕೆ, ನೀನು ದೊಡ್ಡ ಮಳೆಯನ್ನೂ ಅಳೆಯುತ್ತೀಯಲ್ಲ? 'ದೊಡ್ಡ ಮಳೆ ಎಲ್ಲರಿಗೂ ನೆನಪಿರುತ್ತೆ ಸರ್. ನಮ್ಮ ಲೆಕ್ಕ ತಪ್ಪೋದು ತುಂತುರು ಮಳೇಲಿ' ಅಂದಳು. ಅಲ್ಲಿಯವರೆಗೆ ಅವಳ ಪ್ರೋಗ್ರಾಂ ಸಣ್ಣ ಮಳೆಯನ್ನು ಸೊನ್ನೆ ಎಂದು ಬರೆದುಕೊಳ್ಳುತ್ತಿತ್ತು. ಆ ಸಂಜೆಯೇ ಅದನ್ನು ತಿದ್ದಿದಳು.

ಹವಳ ಯಾಕೆ ಬಿಟ್ರಿ? ಎಷ್ಟು ಚೆನ್ನಾಗಿದೆ!

ಬಿಡಲಿಲ್ಲ, ಅದೇ ನಮ್ಮ ಕೈಗೆ ಬರಲಿಲ್ಲ. ಕನ್ನಡದಲ್ಲಿ 'ಳ'ದಿಂದ ಶುರುವಾಗುವ ಪದವೇ ಇಲ್ಲ. 'ಣ'ದಿಂದಲೂ ಇಲ್ಲ. ಆದ್ದರಿಂದ ಹವಳ ಹೋಯಿತು, ಮಾಣಿಕ್ಯವೂ ಹೋಯಿತು. ಕೋರಲ್ ಬೇಡ ರೂಬಿ ಇರಲಿ ಎಂದು ಜಪಾನಿನಲ್ಲಿ ಆರಿಸಿದರಲ್ಲ, ನಮಗೆ ಎರಡೂ ದಕ್ಕಲಿಲ್ಲ. ಭಾಷೆ ಓದುವ ಮಕ್ಕಳಿಗೆ ಇದು ವ್ಯಾಕರಣ ಪಾಠ. ನಮ್ಮ ಮಕ್ಕಳಿಗೆ ಇದು ಒಂದು ಮಧ್ಯಾಹ್ನವಿಡೀ ನಿಘಂಟು ತಿರುವಿ ಕಂಡುಕೊಂಡ ಸತ್ಯ.

ಹರಳೇ ಯಾಕೆ? ಬೆಣ್ಣೆ ದೋಸೆ, ಮಂಡಕ್ಕಿ, ಮಿರ್ಚಿ ಅಂತ ನಮ್ಮೂರ ತಿಂಡಿ ಹೆಸರು ಇಡಬಾರದಾ?

ಧಾರಾಳವಾಗಿ ಇಡಿ. ಆಂಡ್ರಾಯ್ಡ್‌ನವರು ಹತ್ತು ವರ್ಷ ಸಿಹಿತಿಂಡಿ ಹೆಸರೇ ಇಟ್ಟರು. 2019ರಲ್ಲಿ ಬರೀ ಸಂಖ್ಯೆಗೆ ಬಂದರು. ಹರಳಿನಲ್ಲಿ ಒಂದು ಅನುಕೂಲವಿದೆ, ಬುಟ್ಟಿ ಬರಿದಾಗುವುದಿಲ್ಲ. ಜಗತ್ತಿನಲ್ಲಿ ಹೆಸರಿಟ್ಟ ಖನಿಜಗಳು 5000ಕ್ಕೂ ಜಾಸ್ತಿ. ಜೀವನಪೂರ್ತಿ ಇಟ್ಟರೂ ಮುಗಿಯುವುದಿಲ್ಲ. ನಮ್ಮ ಕಿವಿಗೂ ಹೊಸದಲ್ಲ. ಮುತ್ತಮ್ಮ, ರತ್ನಮ್ಮ, ವಜ್ರಪ್ಪ, ನೀಲಮ್ಮ ಇಲ್ಲದ ಊರು ಯಾವುದಿದೆ?

ಚಿತ್ರದುರ್ಗದ ಕಡೆ ಇಷ್ಟೊಂದು ಕಲ್ಲು ಇದೆ. ಅಲ್ಲಿಂದ ಹೆಸರು ಸಿಗಲ್ವಾ?

ಸಿಗುತ್ತದೆ. ಜನ ಕಲ್ಲು ಅಂದ ಕೂಡಲೇ ಕೋಟೆಯ ಬಂಡೆ ನೆನೆಯುತ್ತಾರೆ. ನಾನು ಮಕ್ಕಳನ್ನು ಮರಡಿಹಳ್ಳಿಗೆ ಕಳಿಸುತ್ತೇನೆ. ಅಲ್ಲಿಯ ದಿಂಬು ಲಾವಾ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಸುಮಾರು 250 ಕೋಟಿ ವರ್ಷದ ಹಿಂದೆ ನೀರಿನಡಿಯಲ್ಲಿ ಲಾವಾ ಉಕ್ಕಿ, ಹೊರಮೈ ತಟ್ಟನೆ ತಣ್ಣಗಾಗಿ, ದಿಂಬು ಪೇರಿಸಿದ ಹಾಗೆ ಉಂಡುಂಡೆಯಾಗಿ ಗಟ್ಟಿಯಾಗಿದೆ. ಕೈಯಿಟ್ಟು ನೋಡಿದರೆ ಒಂದು ದಿಂಬು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಎಂಬ ಗೆರೆ ಬೆರಳಿಗೆ ಸಿಗುತ್ತದೆ. ಬಯಲುಸೀಮೆಯ ಬಿಸಿಲಿನಲ್ಲಿ ನಿಂತು, ಇಲ್ಲಿ ನೀರಿತ್ತು ಎಂದು ಆ ಕಲ್ಲು ಹೇಳುತ್ತದೆ.

ಇನ್ನೊಂದು ಇಂಗಳದಾಳು. ಚಿತ್ರದುರ್ಗದ ಪಕ್ಕದಲ್ಲೇ ಇದೆ. ಅಲ್ಲಿ ತಾಮ್ರದ ಗಣಿ ಇತ್ತು. ಅಜುರೈಟ್ ಎಂಬ ಕಡುನೀಲಿ ಖನಿಜ ಹುಟ್ಟುವುದು ತಾಮ್ರದ ಅದಿರಿಗೆ ಗಾಳಿ ನೀರು ತಾಗಿದಾಗ. ಆದ್ದರಿಂದ ಅಜುರೈಟ್ ಪಾಠ ಮಾಡುವ ದಿನ ನಾನು ಇಂಗಳದಾಳಿನಿಂದಲೇ ಶುರುಮಾಡುತ್ತೇನೆ. 'ದಿಂಬು' ಎಂಬ ಹೆಸರು ಇನ್ನೂ ಯಾರೂ ತೆಗೆದುಕೊಂಡಿಲ್ಲ. 'ದಿಂ', 'ಬು'. ಕಾದಿದ್ದೇನೆ.

ಪ್ರಾಜೆಕ್ಟ್ ವರದಿಯಲ್ಲಿ 'ಪಚ್ಚೆ' ಅಂತ ಬರೆದ್ರೆ ದೊಡ್ಡವರು ಒಪ್ತಾರಾ?

ಒಮ್ಮೆ ಒಪ್ಪಲಿಲ್ಲ. ಹೊರಗಿನಿಂದ ಬಂದಿದ್ದ ಪರೀಕ್ಷಕರೊಬ್ಬರು ಮುಖಪುಟ ನೋಡಿ, ಇದೇನು ಒಡವೆ ಅಂಗಡಿಯಾ ಎಂದು ವರದಿ ಪಕ್ಕಕ್ಕಿಟ್ಟರು. ಹುಡುಗರ ಮುಖ ಸಣ್ಣದಾಯಿತು. ನನಗೆ ಬೇಜಾರಾದದ್ದು ಹೆಸರಿಗಲ್ಲ, ಒಳಗೆ ತಿರುವಿ ನೋಡದೆ ಇಟ್ಟರಲ್ಲ ಎಂದು. ಆಮೇಲಿಂದ ನಾವು ಒಂದು ಪದ್ಧತಿ ಮಾಡಿಕೊಂಡೆವು. ಮುಖಪುಟದಲ್ಲಿ ಹೆಸರು. ಅದರ ಕೆಳಗೇ ಬಿಡಿಸಿದ ವಾಕ್ಯ. ಅದರ ಕೆಳಗೆ ಪ್ರೋಗ್ರಾಂ ಏನು ಮಾಡುತ್ತದೆ ಎಂದು ಎರಡು ಸಾಲು. ಅದಾದ ಮೇಲೆ ಯಾರೂ ವಾಪಸ್ ಕಳಿಸಿಲ್ಲ.

## ಇನ್ನೂ ಆಳಕ್ಕೆ

ಹೆಸರು ಮೊದಲಾ, ಕೆಲಸ ಮೊದಲಾ?

ನನ್ನ ಅನುಭವದಲ್ಲಿ ಕೆಲಸ ಅರ್ಧ ಆದಾಗ ಹೆಸರು ಹುಡುಕಬೇಕು. ತೀರಾ ಮೊದಲೇ ಇಟ್ಟರೆ ಏನಾಗುತ್ತದೆ ಎಂದು ಗೋಮೇಧಿಕ ತೋರಿಸಿತು. ಒಂದು ಗುಂಪಿನ ಹುಡುಗರು 'ಗೋವಿನ ಮೇವಿಗೆ ದಿಢೀರ್ ಕರೆ' ಎಂದು ಕಟ್ಟಿಕೊಂಡು ಬಂದರು. ಬೇಸಿಗೆಯಲ್ಲಿ ಮೇವು ಎಲ್ಲಿದೆ ಎಂದು ಫೋನಿನಲ್ಲೇ ತಿಳಿಸುವ ಯೋಜನೆ. ನಾಲ್ಕೂ ಅಕ್ಷರ ಕೂಡಿದ್ದವು. ಒಂದೇ ಒಂದು ತಕರಾರು ಬಂತು: ಹರಳಿನಲ್ಲಿ ಇರುವುದು 'ಧಿ', ದಿಢೀರ್‌ನಲ್ಲಿ ಇರುವುದು 'ದಿ'. ಮಾತಾಡುವಾಗ ಮಹಾಪ್ರಾಣ ಯಾರು ಒತ್ತಿ ಹೇಳುತ್ತಾರೆ ಎಂದು ಒಂದು ಪಕ್ಷ, ಬರೆಯುವಾಗ ಬೇಕೇ ಬೇಕು ಎಂದು ಇನ್ನೊಂದು ಪಕ್ಷ. ಎರಡು ವಾರ ಇದೇ ಚರ್ಚೆ. ಮೇವು ಯಾರ ಹತ್ತಿರ ಇದೆ, ಅವರು ಸುದ್ದಿ ಯಾಕೆ ಕೊಡುತ್ತಾರೆ, ತಪ್ಪು ಸುದ್ದಿ ಬಂದರೆ ಏನು ಗತಿ ಎಂದು ಯಾರೂ ಒಂದು ಹಳ್ಳಿಗೂ ಹೋಗಿ ಕೇಳಲಿಲ್ಲ. ಆ ಪ್ರೋಗ್ರಾಂ ಹುಟ್ಟಲೇ ಇಲ್ಲ.

ಕೆಲಸ ಪೂರ್ತಿ ಮುಗಿದ ಮೇಲೆ ಹುಡುಕಿದರೂ ಪ್ರಯೋಜನ ಕಡಿಮೆ. ಆಗ ಹೆಸರು ಬರೀ ಅಂಟಿಸಿದ ಚೀಟಿ. ಅರ್ಧದಲ್ಲಿ ಹುಡುಕಿದರೆ ನಾಲ್ಕು ಪದದಲ್ಲಿ ಇದೇನು ಅಂತ ಹೇಳಲೇಬೇಕಾಗುತ್ತದೆ. ಹೇಳಲು ಆಗದಿದ್ದರೆ ಎಲ್ಲೋ ಗೊಂದಲವಿದೆ ಎಂದರ್ಥ. ಮುತ್ತಿನ ಹುಡುಗಿಗೆ ಅವಳ ಪ್ರೋಗ್ರಾಮಿನ ತಪ್ಪು ಸಿಕ್ಕಿದ್ದೇ ಹಾಗೆ.

ಎಲ್ಲರೂ ಹರಳಿನ ಹೆಸರೇ ಇಟ್ರೆ ಗೊಂದಲ ಆಗಲ್ವಾ? ಅಬ್ಸಿಡಿಯನ್ ಅಂದ್ರೆ ನೋಟ್ಸ್ ಬರೆಯೋ ಆ್ಯಪ್ ತಾನೇ?

ಆಗುತ್ತದೆ. ಆ ಆ್ಯಪ್ ಬೇರೆ. ಮೈಯರ್ಸ್ ಮತ್ತು ಸಂಗಡಿಗರ ಅಬ್ಸಿಡಿಯನ್ ಬ್ಲಾಕ್‌ಚೈನ್ ಪ್ರೋಗ್ರಾಂ ಬರೆಯುವವರಿಗಾಗಿ ಮಾಡಿದ ಭಾಷೆ. ಕ್ರಿಸ್ಟಲ್ ಹೆಸರಿನಲ್ಲೂ ಹೀಗೇ. ಅದೇ ಹೆಸರಿನ ಒಂದು ಪ್ರೋಗ್ರಾಮಿಂಗ್ ಭಾಷೆ ಇದೆ. ಮೈಯರ್ಸ್ ಅವರ ಕ್ರಿಸ್ಟಲ್ ಇನ್ನೊಂದು. ಅಕ್ಷರ ಟೈಪ್ ಮಾಡುವಾಗ ನಾವು ಒಂದು ಬರೆದರೆ ಕಂಪ್ಯೂಟರ್ ತಾನೇ ಇನ್ನೊಂದು ಮಾಡುತ್ತದಲ್ಲ? ಯಾಕೆ ಹೀಗಾಯಿತು ಎಂದು ಅದನ್ನೇ ಕೇಳುವ ಅವಕಾಶ ಕೊಡುವ ವ್ಯವಸ್ಥೆ ಅದು. ಯಾವ ಸೆಟ್ಟಿಂಗ್‌ನಿಂದ ಆಯಿತು ಎಂದು ಅದು ತೋರಿಸುತ್ತದೆ. ಸ್ಫಟಿಕದಂತೆ ಒಳಗೆ ಕಾಣಬೇಕು ಎಂಬ ಆಸೆಗೆ ತಕ್ಕ ಹೆಸರು.

ಗೊಂದಲ ಕಾನೂನಿನವರೆಗೂ ಹೋಗಬಹುದು. ವೆಬ್ ಪುಟ ಕಟ್ಟಲು ಬಳಸುವ ಜೇಡ್ ಎಂಬ ಟೆಂಪ್ಲೇಟ್ ಎಂಜಿನ್ ಒಂದಿತ್ತು, ಇದೂ ಮೈಯರ್ಸ್ ಅವರದ್ದಲ್ಲ. ಆ ಹೆಸರು ಬೇರೆಯವರ ನೋಂದಾಯಿತ ಟ್ರೇಡ್‌ಮಾರ್ಕ್ ಆಗಿತ್ತು. 2016ರಲ್ಲಿ ಅದು ಪಗ್ ಆಯಿತು. ಅಂದಹಾಗೆ ನಮ್ಮ ಮಕ್ಕಳಿಗೆ ಜೇಡ್ ಅಂದರೆ ಮೊದಲು ಕಾಣುವುದು ಜೇಡರ ಹುಳ. ನೋಟ್ಸಿನ ಪಕ್ಕದಲ್ಲಿ ಎಂಟು ಕಾಲು ಬಿಡಿಸಿರುತ್ತಾರೆ.

ಹೆಸರುಗಳ ನಡುವೆ ಸಂಬಂಧ ಇರಲೇಬೇಕಾ? ಬಿಡಿಬಿಡಿಯಾಗಿ ಇಟ್ರೆ ಏನು ತೊಂದ್ರೆ?

ತೊಂದರೆ ಇಲ್ಲ. ಆದರೆ ಸಂಬಂಧ ಇದ್ದರೆ ಹೆಸರು ದುಡಿಯುತ್ತದೆ. ನನಗೆ ಗೊತ್ತಿರುವ ಅಚ್ಚುಕಟ್ಟಾದ ಉದಾಹರಣೆ ಬೆರಿಲ್. 2006ರಲ್ಲಿ ಲಿನಕ್ಸ್ ಪರದೆಗೆ ಮೆರುಗು ಕೊಡಲು ಬಂದ ವಿಂಡೋ ಮ್ಯಾನೇಜರ್ ಅದು. ಕಾಂಪಿಜ್ ಎಂಬುದರಿಂದ ಕವಲೊಡೆದು ಬಂತು, ಮರುವರ್ಷ ಅದಕ್ಕೇ ಮರಳಿ ಸೇರಿತು. ಕಿಟಕಿಗಳ ಅಂಚು ಸಿಂಗರಿಸುವ ಅದರ ಮೂರು ಭಾಗಗಳ ಹೆಸರು ಎಮರಾಲ್ಡ್, ಅಕ್ವಾಮರೀನ್, ಹೀಲಿಯೊಡೋರ್. ಭೂಗರ್ಭಶಾಸ್ತ್ರ ಓದಿದವರಿಗೆ ತಕ್ಷಣ ಹೊಳೆಯುತ್ತದೆ: ಹಸಿರು ಪಚ್ಚೆ, ತಿಳಿನೀಲಿ ಅಕ್ವಾಮರೀನ್, ಹಳದಿ ಹೀಲಿಯೊಡೋರ್ ಮೂರೂ ಬೆರಿಲ್ ಎಂಬ ಒಂದೇ ಖನಿಜದ ಬಣ್ಣಗಳು.

ಫ್ಲೋರೈಟ್, ಅಜುರೈಟ್ ಜೋಡಿಯೂ ನನಗೆ ಇಷ್ಟ. ಪ್ರೋಗ್ರಾಮರ್ ಎಡಿಟರಿನಲ್ಲಿ ಮಾಡಿದ ಒಂದೊಂದು ಸಣ್ಣ ಬದಲಾವಣೆಯನ್ನೂ ಫ್ಲೋರೈಟ್ ಬರೆದಿಡುತ್ತದೆ. ಆ ದಾಖಲೆ ಹಿಡಿದು ಅಜುರೈಟ್ ಹಿಂದಕ್ಕೆ ಹೋಗುತ್ತದೆ. ಮಾಮೂಲಿ ಅನ್‌ಡೂ ಮಾಡಿದರೆ ಕೊನೆಯದರಿಂದ ಒಂದೊಂದಾಗಿ ಎಲ್ಲವೂ ಅಳಿಯುತ್ತದೆ. ಅಜುರೈಟ್‌ನಲ್ಲಿ ನಿನ್ನೆ ಮಾಡಿದ ಒಂದು ಬದಲಾವಣೆಯನ್ನು ಮಾತ್ರ ಆರಿಸಿ ತೆಗೆಯಬಹುದು, ಇವತ್ತಿನ ಕೆಲಸ ಹಾಗೇ ಉಳಿಯುತ್ತದೆ. ಕಟ್ಟಿದ ಮಾಲೆಯ ನಡುವಿನ ಬಾಡಿದ ಒಂದು ಹೂ ಮಾತ್ರ ಬಿಡಿಸಿ ತೆಗೆದಂತೆ.

ಗಾರ್ನೆಟ್, ಪೆರಿಡಾಟ್ ಯಾರೂ ಬಳಸಲ್ಲ ಈಗ. ಹೆಸರು ಉಳಿದು ಏನು ಬಂತು?

ಪ್ರೋಗ್ರಾಂ ಹಳತಾಗುತ್ತದೆ. ಅದು ಓಡುತ್ತಿದ್ದ ಯಂತ್ರವೇ ಸಿಗುವುದಿಲ್ಲ. ವಿಚಾರ ಉಳಿಯುತ್ತದೆ, ಅದನ್ನು ಹಿಡಿದು ಎಳೆಯಲು ಒಂದು ದಾರ ಬೇಕು. ಗಾರ್ನೆಟ್‌ನಲ್ಲಿ ಎರಡು ಪೆಟ್ಟಿಗೆ ಬಿಡಿಸಿ ನಡುವೆ ಒಂದು ಬಾಣ ಎಳೆದು, ಬಾಣದ ತುದಿ ಪೆಟ್ಟಿಗೆಗೆ ಅಂಟಿರಬೇಕು ಎಂದು ಒಂದು ಸಲ ಹೇಳಿದರೆ ಸಾಕಿತ್ತು. ಪೆಟ್ಟಿಗೆಯನ್ನು ಎತ್ತ ಎಳೆದರೂ ಬಾಣ ಹಿಂದೆಯೇ ಬರುತ್ತಿತ್ತು. ಸಂಬಂಧವನ್ನು ಒಮ್ಮೆ ಹೇಳು, ಉಳಿದದ್ದನ್ನು ಕಂಪ್ಯೂಟರ್ ನೋಡಿಕೊಳ್ಳಲಿ ಎನ್ನುವ ವಿಚಾರ ಅದು. ಇವತ್ತು ಮೊಬೈಲ್ ಪರದೆ ಕಟ್ಟುವ ಹುಡುಗರೂ ಈ ಗುಂಡಿ ಆ ಅಂಚಿಗೆ ಅಂಟಿರಲಿ ಎಂದೇ ಬರೆಯುತ್ತಾರೆ. ಇದರ ಹಳೆಯ ಬೇರುಗಳಲ್ಲಿ ಒಂದನ್ನು ಹೇಳಿ ಎಂದು ಕೇಳಿದರೆ ನಾನು ಒಂದು ಪದ ಕೊಡುತ್ತೇನೆ: ಗಾರ್ನೆಟ್. ಅವರು ಹುಡುಕಿ ಓದುತ್ತಾರೆ. 'ಇಂಟರ್‌ಫೇಸ್ ಅಭಿವೃದ್ಧಿ ವ್ಯವಸ್ಥೆ, ಆವೃತ್ತಿ ಎರಡು' ಎಂದು ಹೆಸರಿದ್ದಿದ್ದರೆ ನನಗೇ ಮರೆತಿರುತ್ತಿತ್ತು.

ಜಗಳೂರಿನ ಹುಡುಗಿ ಓದು ಮುಗಿಸಿ ಹೋದಳು. ಅವಳ ಪ್ರೋಗ್ರಾಂ ಲ್ಯಾಬಿನ ಹಳೆಯ ಕಂಪ್ಯೂಟರ್ ಜತೆಗೇ ಹೋಯಿತು. ಕಳೆದ ಮಳೆಗಾಲದಲ್ಲಿ ಅವಳ ತಮ್ಮ ಪ್ರಾಜೆಕ್ಟ್ ಶುರುಮಾಡಲು ಬಂದ. ವಿಷಯ ಏನಪ್ಪಾ ಅಂದೆ. 'ಮುತ್ತನ್ನೇ ಮತ್ತೆ ಕಟ್ತೀನಿ ಸರ್, ಈ ಸಲ ಮೊಬೈಲಲ್ಲಿ. ಅಕ್ಕ ಲೆಕ್ಕದ ಪುಸ್ತಕ ಕೊಟ್ಟಿದ್ದಾಳೆ' ಅಂದ. ಪುಸ್ತಕದ ನಡುವೆ ಆ ಚೀಟಿ ಇತ್ತು, 'ಮು'ವಿನ ಪಕ್ಕ ಕಾಗದ ತೆಳ್ಳಗಾಗಿದ್ದದ್ದು.